ಕಡವೆಯಾದ ಅಣ್ಣ, ಗುಂಡು ಎರೆದ ತಂಗಿ

ಕೋವಿಗೆ ಬತ್ತಿ ಹಚ್ಚಿ ಸುಡುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ, ಏಳು ಬೆಟ್ಟ ಬಳಸಿ ಎಂಟನೆಯ ಬೆಟ್ಟದ ಬೆನ್ನಿಗೆ, ಕೊಂಬನಾಡು ಎಂಬ ರಾಜ್ಯವಿತ್ತು. ಅದರ ಅರಸ ಭೂಪಮಲ್ಲ. ಮನುಷ್ಯ ಒಳ್ಳೆಯವನೇ. ಆದರೆ ಯಾರು ಹತ್ತಿರ ಕೂತು ಮಾತಾಡಿದರೋ ಅವರ ಮಾತೇ ಸರಿ ಎನ್ನುವ ಸ್ವಭಾವ. ಹತ್ತಿರ ಕೂತವರು ಯಾರು ಅನ್ನುವುದರ ಮೇಲೆ ರಾಜ್ಯ ನಡೆಯುತ್ತಿತ್ತು ಅಂತಿಟ್ಟುಕೊಳ್ಳಿ.

ಕೊಂಬನಾಡಿನ ಸುತ್ತ ಕಾಡು, ಕಾಡಿನ ತುಂಬ ಜಿಂಕೆ, ಸಾರಗ, ಕಡವೆ. ರಾಗಿ ತೆನೆ ಹಾಲುಗಟ್ಟಿತು ಅನ್ನುವಷ್ಟರಲ್ಲಿ ಹಿಂಡುಹಿಂಡಾಗಿ ಬಂದು ಹೊಲ ನೆಕ್ಕಿಬಿಡುತ್ತಿದ್ದವು. ಅದಕ್ಕೇ ವರ್ಷಕ್ಕೊಂದು ಸಲ ಅರಸನ ಬೇಟೆ. ಮನೆಗೊಂದು ಕೋವಿ, ಕೋವಿಗೊಂದು ಗುಂಡು. ಎರಡನೆಯದನ್ನು ಕೊಡುವ ಪದ್ಧತಿಯೇ ಇರಲಿಲ್ಲ. ಗುರಿ ತಪ್ಪಿತೋ, ಆ ವರ್ಷ ಸೊಪ್ಪಿನ ಸಾರು.

ಆ ಗುಂಡುಗಳನ್ನೆಲ್ಲ ಎರೆಯುತ್ತಿದ್ದುದು ಒಂದೇ ಮನೆ, ಕಾಡಿನ ಅಂಚಿನ ಎರಕದ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಾಚ, ತಂಗಿ ಹೊನ್ನಾಯಿ ಇಬ್ಬರೇ ಅದನ್ನು ನಡೆಸುತ್ತಿದ್ದರು. ಮಾಚ ತಿದಿ ಒತ್ತುತ್ತಿದ್ದ, ಹೊನ್ನಾಯಿ ಸೀಸ ಹೊಯ್ಯುತ್ತಿದ್ದಳು. ಅದೇನು ಚೆಂದದ ಕೆಲಸ ಅಂತೀರಿ! ಒಂದು ಕೋವಿಯ ಬಾಯಿಯ ಹಾಗೆ ಇನ್ನೊಂದರದ್ದು ಇರುವುದಿಲ್ಲ. ಆದ್ದರಿಂದ ಪ್ರತಿ ಮನೆಯವರೂ ತಮ್ಮ ಕೋವಿಯ ಅಳತೆಗೆ ಬಳಪದ ಕಲ್ಲಿನಲ್ಲಿ ಕೊರೆದ ಅಚ್ಚನ್ನು ಮಡಿಲಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಮೂಸೆಯಲ್ಲಿ ಸೀಸ ಕರಗಿ ಕನ್ನಡಿಯಾಗುವಾಗ ಹೊನ್ನಾಯಿ ಅದಕ್ಕೊಂದು ಚೂರು ಜೇನುಮೇಣ ಹಾಕಿ ಕಲಕುವಳು. ಭಗ್ಗೆಂದು ಹೊಗೆ ಏಳುವುದು, ಒಳಗಿನ ಕೊಳೆಯೆಲ್ಲ ಕಿಟ್ಟವಾಗಿ ಮೇಲೆ ತೇಲುವುದು. ಅದನ್ನು ಸೌಟಿನಲ್ಲಿ ಬಳಿದು ಚೆಲ್ಲಿ, ಅಚ್ಚನ್ನು ಬೆಚ್ಚಗೆ ಮಾಡಿಕೊಂಡು, ಒಂದೇ ಧಾರೆಯಲ್ಲಿ ಹೊಯ್ದಳೆಂದರೆ ಗುಂಡು ನೇರಳೆಹಣ್ಣಿನ ಹಾಗೆ ಗುಂಡಗೆ, ನುಣ್ಣಗೆ. ಕೈಗೆ ಕೊಡುವಾಗ ಒಂದು ಮಾತು ಹೇಳುವಳು: "ಒಂದೇ ಏಟು, ನೋವಿಲ್ಲದ ಸಾವು." ಅದು ಆ ಮನೆಯ ವ್ರತ.

ಈಗ ಕೇಡಿಗನ ವಿಚಾರಕ್ಕೆ ಬರೋಣ. ಅರಸನ ಪಕ್ಕದಲ್ಲೇ ಕೂರುತ್ತಿದ್ದವನು ಬೇಟೆಯ ದಳವಾಯಿ ಉದ್ದಂಡರಾಯ. ನೋಡಲು ಮೂವತ್ತರ ಪ್ರಾಯ. ಹುಟ್ಟಿ ಇನ್ನೂರು ವರ್ಷ ಆಗಿತ್ತು. ಅವನು ಮಾಂತ್ರಿಕ. ಕಾಡಿಗೆ ಸೌದೆಗೋ ಸೊಪ್ಪಿಗೋ ಒಂಟಿಯಾಗಿ ಹೋದವರ ಮೇಲೆ ಮಂತ್ರ ಹಾಕಿ ಅವರನ್ನು ಕಡವೆ ಮಾಡುತ್ತಿದ್ದ. ಅವರ ಆಯಸ್ಸು ಕಿತ್ತು ತನ್ನದಕ್ಕೆ ಸೇರಿಸಿಕೊಳ್ಳುತ್ತಿದ್ದ. ಬೇಟೆಯಲ್ಲಿ ಅವರು ಸತ್ತರೆ ಆ ಆಯಸ್ಸು ಅವನಿಗೇ ಖಾಯಂ. ಊರವರು, ಪಾಪ, ಹುಲಿ ಹೊತ್ತೊಯ್ದಿತು ಅಂತ ಅತ್ತು ಸುಮ್ಮನಾಗುತ್ತಿದ್ದರು.

ಆ ವರ್ಷ ಬೇಟೆಗೆ ಎಂಟು ದಿನ ಇರುವಾಗ ಮಾಚ ಕಾಡಿಗೆ ಹೋದವನು ಹಿಂತಿರುಗಲಿಲ್ಲ.

ಮಾರನೆಯ ಬೆಳಗ್ಗೆ ಹೊನ್ನಾಯಿ ಹಿತ್ತಲ ಬಾಗಿಲು ತೆಗೆದರೆ, ಎದುರಿಗೆ ಒಂದು ದೊಡ್ಡ ಕಡವೆ. ಆರು ಕವಲಿನ ಕೊಂಬು.

"ಕಿರುಚಬೇಡ ಕಣೇ, ನಾನು ನಿಮ್ಮಣ್ಣ," ಅಂದಿತು ಕಡವೆ.

ಹೊನ್ನಾಯಿ ಬಾಗಿಲ ಚಿಲಕ ಹಿಡಿದುಕೊಂಡೇ ಕೇಳಿದಳು: "ಅಣ್ಣ ಆಗಿದ್ರೆ ಹೇಳು. ಮೊನ್ನೆ ಹುರುಳಿ ಸಾರಿಗೆ ಏನಂದೆ?"

"ಉಪ್ಪು ಜಾಸ್ತಿ ಅಂದೆ. ಸೌಟಲ್ಲಿ ಹೊಡೆದೆ ನೀನು. ಈಗ ಒಂದು ಅಚ್ಚು ಬೆಲ್ಲ ಕೊಡು, ಆಮೇಲೆ ಅಳು."

ಹೊನ್ನಾಯಿ ಬೆಲ್ಲ ತಿನ್ನಿಸಿದಳು, ಅದರ ಕೊರಳು ತಬ್ಬಿ ಅತ್ತಳು. ಮಾಚ ನಡೆದದ್ದನ್ನೆಲ್ಲ ಹೇಳಿದ. ಅವನ ಹಾಗೆ ಇನ್ನೂ ಮೂವತ್ತೊಂಬತ್ತು ಜನ ಕಾಡಿನಲ್ಲಿ ಹುಲ್ಲು ಮೇಯುತ್ತಿದ್ದರು. ಅವರ ಮಾತು ಒಡಹುಟ್ಟಿದವರಿಗಲ್ಲದೆ ಬೇರೆ ಯಾರಿಗೂ ಕೇಳದು. ಒಡಹುಟ್ಟಿದವರು ಕಂಡರೂ ಕೋವಿ ಎತ್ತುತ್ತಾರೆಯೇ ಹೊರತು ಕಿವಿ ಕೊಡುವುದಿಲ್ಲ.

"ಆ ದಳವಾಯಿ ನಮ್ಮನ್ನ ಕಡವೆ ಮಾಡಿ, ನಮ್ಮ ಮುಂದೆಯೇ ಜಂಬ ಕೊಚ್ಚಿಕೊಂಡ ಕಣೆ. ಕಡವೆಗೆ ಕಿವಿ ದೊಡ್ಡದು ಅನ್ನೋದು ಮರೆತ. ಅವನ ಜೀವ ಅವನ ಮೈಯಲ್ಲಿಲ್ಲ. ಸೀಸದ ಬೆಟ್ಟದ ಗವಿಯಲ್ಲಿ, ಒಂದು ಸೀಸದ ಉಂಡೆಯಲ್ಲಿದೆ. ಆ ಸೀಸವೇ ಗುಂಡಾಗಿ ಎದೆಗೆ ಬಿದ್ದರೆ ಮಾತ್ರ ಅವನಿಗೆ ಸಾವಂತೆ."

"ಹಾಗಾದ್ರೆ ಈ ಬೇಟೆಗೆ ಕೆಟ್ಟ ಗುಂಡು ಎರೆದು ಕೊಡ್ತೀನಿ," ಅಂದಳು ಹೊನ್ನಾಯಿ. "ಒಳಗೆ ಟೊಳ್ಳು ಬಿಡ್ತೀನಿ. ಎಲ್ಲೋ ಹಾರಿಹೋಗ್ಲಿ."

ಕಡವೆ ತಲೆ ಕೊಡವಿತು. "ಬೇಡ ತಂಗಿ. ಟೊಳ್ಳು ಗುಂಡು ಎದೆಗೆ ಬರದೆ ಹೊಟ್ಟೆಗೆ ಬೀಳ್ತದೆ, ತೊಡೆಗೆ ಬೀಳ್ತದೆ. ಮೂರು ದಿನ ಪೊದೆಯಲ್ಲಿ ನರಳಿ ಸಾಯಬೇಕು. ನಮ್ಮನ್ನ ಉಳಿಸೋಕಾಗದೆ ಹೋದ್ರೆ ಒಳ್ಳೇ ಗುಂಡಲ್ಲೇ ಸಾಯ್ತೀವಿ. ನೀನು ಒಳ್ಳೇ ಗುಂಡೇ ಎರೆ."

ಎರಡು ದಿನ ಹೊನ್ನಾಯಿ ತಾನೇ ತಿದಿ ಒತ್ತಿ, ತಾನೇ ಹೊಯ್ದು, ಊರಿನ ಗುಂಡುಗಳನ್ನೆಲ್ಲ ಎರೆದಳು. ಒಂದೂ ಕೆಡಲಿಲ್ಲ. ಆಮೇಲೆ ಚಿಕ್ಕ ಮೂಸೆ, ಇಕ್ಕಳ, ಒಂದು ಗಟ್ಟಿ ಸೀಸ ಜೋಳಿಗೆಗೆ ಹಾಕಿಕೊಂಡು ಸೀಸದ ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಒಂದು ಕರಡಿ ಕೂತಿತ್ತು. ಹುಲ್ಲಿನ ಬಣವೆಯಷ್ಟು ದೊಡ್ಡದು, ಕೆನ್ನೆ ಹಿಡಿದುಕೊಂಡು ನರಳುತ್ತಿತ್ತು.

"ಯಾರೇ ಅದು? ಈ ದಾರಿಯಲ್ಲಿ ಬಂದವರನ್ನ ತಿನ್ನಬೇಕು ಅಂತ ದಳವಾಯಿಯ ಅಪ್ಪಣೆ. ಒಂದು ಗಳಿಗೆ ತಡಿ. ಹಲ್ಲು ಮುರಿದಿದೆ, ಜೀವ ಹೋಗ್ತಿದೆ."

"ಹೊಸ ಹಲ್ಲು ಎರೆದು ಕೊಟ್ರೆ ದಾರಿ ಬಿಡ್ತೀಯ ಕರಡಿ ಮಾವ?"

"ಮೊದಲು ಹಲ್ಲು, ಆಮೇಲೆ ಮಾತು."

ಹೊನ್ನಾಯಿ ಕೆರೆಯ ಜೇಡಿಮಣ್ಣು ತಂದು ಹಲ್ಲಿನ ಅಚ್ಚು ಮಾಡಿ ಬಿಸಿಲಿಗಿಟ್ಟಳು. ಗಳಿಗೆಗೊಂದು ಸಲ ಕರಡಿ ಕೇಳಿತು: "ಆಯ್ತಾ? ಹೊಯ್ಯೇ ಮತ್ತೆ!"

"ಹಸಿ ಅಚ್ಚಿಗೆ ಹೊಯ್ದರೆ ಸೀಸ ಸಿಡಿದು ನಿನ್ನ ಮೂತಿಗೇ ಬರ್ತದೆ. ತೆಪ್ಪಗೆ ಕೂತ್ಕೋ."

ಒಂದು ಹಗಲು ಬಿಸಿಲಿಗೆ, ಒಂದು ಹೊತ್ತು ಕೆಂಡದ ಪಕ್ಕಕ್ಕೆ ಇಟ್ಟು ಅಚ್ಚು ಒಣಗಿದ ಮೇಲೆಯೇ ಅವಳು ಹೊಯ್ದದ್ದು. ಹಲ್ಲು ಥಳಥಳ ಹೊಳೆಯಿತು. ಕರಡಿ ಅದನ್ನು ಕೂರಿಸಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಹೊನ್ನಾಯಿಯ ತೋಳಿಗೆ ಬಾಯಿ ಹಾಕಿದ್ದು. ಹಲ್ಲು ಬಾಗಿತು.

"ಇದೇನೇ ಇದು?"

"ಸೀಸ ಮೆದು ಮಾವ. ಜೇನಿಗೆ ಆಗ್ತದೆ, ಹಲಸಿನ ತೊಳೆಗೆ ಆಗ್ತದೆ. ಮನುಷ್ಯರಿಗೆ ಆಗಲ್ಲ." ಹೊನ್ನಾಯಿ ಎರಡು ಬೆರಳಲ್ಲಿ ಅದನ್ನು ನೆಟ್ಟಗೆ ಮಾಡಿಕೊಟ್ಟಳು. ಕರಡಿ ಯೋಚನೆ ಮಾಡಿತು. ನೋವಂತೂ ಇರಲಿಲ್ಲ. ಕಾವಲಿನ ಕೆಲಸ ಬಿಟ್ಟು ಜೇನು ಹುಡುಕಿಕೊಂಡು ಹೊರಟುಹೋಯಿತು.

ಮುಂದೆ ಒಂದು ಹೊಳೆ. ಹೊಳೆಯ ನಡುವೆ ತೆಂಗಿನ ಮರದೆತ್ತರದ ಬಿಳಿ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ದಡದ ಬಂಡೆಯ ಮೇಲೆ ಮೂರು ಸೀಸದ ಗುಂಡು.

"ಮೂರರಲ್ಲಿ ಒಂದರ ಹೊಟ್ಟೆ ಟೊಳ್ಳು," ಅಂದಿತು ಕೊಕ್ಕರೆ. "ಕೈಯಲ್ಲಿ ತೂಗಬಾರದು, ಒಡೆಯಬಾರದು. ಯಾವುದು ಅಂತ ಸರಿಯಾಗಿ ಹೇಳಿದರೆ ದಾಟಿಸ್ತೀನಿ. ತಪ್ಪಿದರೆ ಮೀನು ಮಾಡ್ತೀನಿ."

ಹೊನ್ನಾಯಿ ನಕ್ಕಳು. ಇದು ಅವಳು ನಡೆಯಲು ಕಲಿಯುವ ಮುಂಚೆ ಕಲಿತ ಪಾಠ. ಒಂದು ಕಡ್ಡಿ ತೆಗೆದುಕೊಂಡು ಗುಂಡುಗಳನ್ನು ಒಂದೊಂದಾಗಿ ಬಂಡೆಯ ಮೇಲೆ ಉರುಳಿಸಿದಳು. ಮೊದಲನೆಯದು ನೇರ ಹೋಯಿತು. ಎರಡನೆಯದೂ ನೇರ ಹೋಯಿತು. ಮೂರನೆಯದು ಹೆಂಡ ಕುಡಿದು ಸಂತೆಯಿಂದ ಮನೆಗೆ ಹೊರಟವನ ಹಾಗೆ ಆ ಕಡೆ ವಾಲಿ, ಈ ಕಡೆ ವಾಲಿ, ಹಳ್ಳಕ್ಕೆ ಬಿತ್ತು.

"ಅದೇ," ಅಂದಳು.

"ಅಬ್ಬ! ಇನ್ನೂರು ವರ್ಷಕ್ಕೆ ಒಬ್ಬಳು ಸಿಕ್ಕಿದಳು. ಎಲ್ಲರೂ ಹೊಳಪು ನೋಡಿ ಆರಿಸ್ತಿದ್ರು."

"ಅವರೆಲ್ಲ ಎಲ್ಲಿ?"

"ಮೀನಾಗಿ ಹೊಳೆಯಲ್ಲಿದ್ದಾರೆ. ನಾನು ತಿಂದಿಲ್ಲ, ದೇವರಾಣೆ." ಕೊಕ್ಕರೆ ಕತ್ತು ತಿರುಗಿಸಿತು. "ಒಬ್ಬಿಬ್ಬರನ್ನ ಬಿಟ್ರೆ."

"ನಾನು ಗೆದ್ದಿದ್ದೀನಿ ತಾನೆ? ಉಳಿದವರನ್ನ ಮನುಷ್ಯರು ಮಾಡು. ಆಮೇಲೆ ದಾಟಿಸು."

ಕೊಕ್ಕರೆ ಗೊಣಗಿಕೊಂಡು ಕೊಕ್ಕಿನಿಂದ ನೀರು ತಟ್ಟಿತು. ಹದಿನೇಳು ಜನ ಒದ್ದೆ ಬಟ್ಟೆಯಲ್ಲಿ ದಡಕ್ಕೆ ಬಂದು ಸೀನತೊಡಗಿದರು. ಹೊನ್ನಾಯಿ ಕೊಕ್ಕರೆಯ ಬೆನ್ನೇರಿ ಗವಿಯ ಬಾಯಿಗೆ ಇಳಿದಳು.

ಗವಿಯ ಒಳಗೆ ಸಾವಿರ ಸೀಸದ ಉಂಡೆಗಳು, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಅವುಗಳ ಸುತ್ತ ಒಂದು ಹೆಬ್ಬಾವು ಸುತ್ತಿಕೊಂಡಿತ್ತು.

"ಒಂದೇ ಒಂದು ಹೊರಗೆ ಒಯ್ಯಬಹುದು," ಅಂದಿತು ಹೆಬ್ಬಾವು. "ತಪ್ಪು ಉಂಡೆ ಒಯ್ದರೆ ನೀನೂ ಇಲ್ಲಿ ಒಂದು ಉಂಡೆ. ಅವಸರವಿಲ್ಲ. ನನಗೂ ಹೊತ್ತು ಹೋಗಬೇಕಲ್ಲ."

ಒಳ್ಳೆಯ ಸೀಸಕ್ಕೆ ಉಗುರು ತಾಗಿಸಿದರೆ ಗೀರು ಬೀಳುತ್ತದೆ. ಹೊನ್ನಾಯಿ ಒಂದು ಉಂಡೆ ಎತ್ತಿ ಗೀರಿದಳು. ಗೀರು ಹಾಗೇ ಉಳಿಯಿತು. ಇನ್ನೊಂದು ಗೀರಿದಳು. ಅದೂ ಹಾಗೇ ಉಳಿಯಿತು. ನೂರು, ಇನ್ನೂರು, ಐನೂರು ಗೀರಿ, ಉಗುರು ಸವೆದು ಬೆರಳು ಕಪ್ಪಾದರೂ ಬಿಡಲಿಲ್ಲ. ಏಳುನೂರ ಮೂರನೆಯ ಉಂಡೆಯನ್ನು ಗೀರಿದಾಗ, ಆ ಗೀರು ಕಣ್ಣೆದುರೇ ಗಾಯದ ಹಾಗೆ ಮಾಯ್ದು ಮುಚ್ಚಿಕೊಂಡಿತು.

"ಇದರಲ್ಲಿ ಜೀವ ಇದೆ," ಅಂದಳು. ಹೆಬ್ಬಾವು ದಾರಿ ಬಿಟ್ಟಿತು.

ಅದೇ ಗಳಿಗೆಯಲ್ಲಿ ಅರಮನೆಯ ಊಟದ ಪಂಕ್ತಿಯಲ್ಲಿ ಉದ್ದಂಡರಾಯನ ಕೆನ್ನೆಯ ಮೇಲೆ ಕೆಂಪು ಗೀರು ಎದ್ದಿತು.

"ಬೆಕ್ಕು ಪರಚಿತೇನಯ್ಯ ದಳವಾಯಿ?" ಅಂದ ಭೂಪಮಲ್ಲ.

"ಹೌದು ಮಹಾಪ್ರಭು."

"ಬೆಕ್ಕೆಲ್ಲಿ?"

ಉದ್ದಂಡರಾಯ ಕೆನ್ನೆ ಮುಚ್ಚಿಕೊಂಡು ಎದ್ದ. ಯಾರೋ ತನ್ನ ಜೀವಕ್ಕೆ ಕೈ ಹಾಕಿದ್ದಾರೆಂದು ಅವನಿಗೆ ತಿಳಿದುಹೋಯಿತು. "ಮಹಾಪ್ರಭು, ಬೇಟೆ ನಾಡಿದ್ದು ಬೇಡ, ನಾಳೆ ಬೆಳಗ್ಗೆಯೇ ಆಗಲಿ. ಹಿಂಡು ಬೆಟ್ಟ ಹತ್ತುವ ಸೂಚನೆಯಿದೆ," ಅಂದ. ಹತ್ತಿರ ಕೂತವನ ಮಾತು; ಅರಸ ಆಗಲಿ ಅಂದ.

ಕೊಕ್ಕರೆ ಹೊನ್ನಾಯಿಯನ್ನು ಹಾರಿಸಿಕೊಂಡು ಬಂದು ಹಿತ್ತಲಿಗೆ ಇಳಿಸುವಷ್ಟರಲ್ಲಿ ಬೆಳಗಿನ ತಮಟೆ ಶುರುವಾಗಿತ್ತು. ಸೋವಿನವರು ಕಾಡಿನೊಳಗಿಂದ ಕೂಗುತ್ತ ಹಿಂಡನ್ನು ಬಯಲಿಗೆ ಅಟ್ಟುತ್ತಿದ್ದರು. ಬಯಲಿನ ಈ ಕಡೆ, ಎರಕದ ಮನೆಯ ಮುಂದೆಯೇ, ಬೇಟೆಗಾರರು ಸಾಲಾಗಿ ನಿಂತು ಬತ್ತಿ ಹಚ್ಚಿಕೊಳ್ಳುತ್ತಿದ್ದರು. ಅವರ ಕೋವಿಗಳಲ್ಲಿ ಇದ್ದದ್ದು ಅವಳೇ ಎರೆದ ಒಳ್ಳೆಯ ಗುಂಡುಗಳು. ನಡುವೆ ಅರಸ, ಪಕ್ಕದಲ್ಲಿ ದಳವಾಯಿ.

ಹೊನ್ನಾಯಿ ಒಳಗೆ ಓಡಿದಳು. ಉಂಡೆಯನ್ನು ಮೂಸೆಗೆ ಹಾಕಿ ತಿದಿ ಒತ್ತಿದಳು. ಸೀಸ ಕರಗಿದ್ದೇ ತಡ, ಅಪ್ಪನ ಅಚ್ಚನ್ನು ಗೂಡಿನಿಂದ ಎಳೆದು ಹೊಯ್ದುಬಿಟ್ಟಳು. ಅಚ್ಚು ಬಿಡಿಸಿದರೆ ಗುಂಡು ಉದುರಿತು. ಮುದುಕಿಯ ಮುಖದ ಹಾಗೆ ಸುಕ್ಕು ಸುಕ್ಕು.

ಹೊರಗೆ ಉದ್ದಂಡರಾಯನ ಮುಖವೂ ಹಾಗೇ ಸುಕ್ಕಾಯಿತು. ಆದರೆ ಅವನು ಸಾಯಲಿಲ್ಲ. ಬಾಗಿಲ ಎದುರು ಬಂದು ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ನೋಡ್ರಯ್ಯಾ, ಎರಕದ ಮನೆಯವಳು ಸುಕ್ಕು ಗುಂಡು ಎರೆದಿದ್ದಾಳೆ! ಸುಡು ತಾಯಿ, ಸುಡು. ಅದು ನನ್ನ ಎದೆಗೆ ಅಂತ ಹೊರಟು ಅಗಸರ ಕತ್ತೆಗೆ ಬೀಳ್ತದೆ."

ಹೊನ್ನಾಯಿಯ ಮುಖ ನಾಚಿಕೆಯಿಂದ ಕಾದ ಹೆಂಚಾಯಿತು. ತಣ್ಣಗಿದ್ದ ಅಚ್ಚು! ಮೇಣ ಹಾಕಲಿಲ್ಲ, ಕಿಟ್ಟ ತೆಗೆಯಲಿಲ್ಲ! ನೆರೆಮನೆಯ ಮಕ್ಕಳೂ ಮಾಡದ ತಪ್ಪನ್ನು ತಾನು ಮಾಡಿದ್ದಳು. ಸುಕ್ಕು ಗುಂಡನ್ನು ಮತ್ತೆ ಮೂಸೆಗೆ ಹಾಕಿದಳು. ಉಸಿರೆಳೆದುಕೊಂಡಳು. ಅಚ್ಚನ್ನು ಕೆಂಡದ ಬದಿಗಿಟ್ಟಳು. ಹೊರಗೆ ತಮಟೆ ಎಷ್ಟೇ ಬಡಿಯಲಿ, ಸೀಸಕ್ಕೆ ಬೇಕಾದ ಹೊತ್ತನ್ನು ಸೀಸಕ್ಕೆ ಕೊಡಬೇಕು.

"ಹಿಡಿದುಕೊಂಡು ಬನ್ರೋ ಅವಳನ್ನ!" ಅಂತ ದಳವಾಯಿ ಕೂಗಿದ. ಬಂಟರು ಹೊಸ್ತಿಲವರೆಗೆ ಬಂದು ನಿಂತರು. ಮೂಸೆಯಲ್ಲಿ ಸೀಸ ಕರಗಿರುವಾಗ ಎರಕದ ಮನೆಯ ಹೊಸ್ತಿಲನ್ನು ಯಾರೂ ದಾಟುವುದಿಲ್ಲ. ಬೆವರಿನ ಒಂದು ಹನಿ ಬಿದ್ದರೂ ಸೀಸ ಬಾಣದ ಹಾಗೆ ಸಿಡಿಯುತ್ತದೆ. ಬಂಟರ ಮೈಯಲ್ಲೋ, ಹೊಳೆಯಾಗಿ ಬೆವರು. "ನೀವೇ ಹೋಗಿ ಬುದ್ಧೀ," ಅಂದ ಒಬ್ಬ. ಉದ್ದಂಡರಾಯನಿಗೆ ಸಾಧ್ಯವಿರಲಿಲ್ಲ. ಜೀವ ಕರಗಿ ಕೂತಿದ್ದರಿಂದ ಅವನ ಮಂಡಿಗಳು ಗಂಜಿಯಾಗಿದ್ದವು.

ಹೊನ್ನಾಯಿ ಒಂದು ಚೂರು ಮೇಣ ಹಾಕಿ ಕಲಕಿದಳು. ಹೊಗೆ ಎದ್ದಿತು. ಕಪ್ಪು ಕಿಟ್ಟ ತೇಲಿತು. ಸೌಟಿನಲ್ಲಿ ಬಳಿದು ಚೆಲ್ಲಿದಳು.

ಬಯಲಿನಲ್ಲಿ ಒಂದು ಹೆಣ್ಣು ಕಡವೆ ಎರಡು ಕಾಲಿನ ಮೇಲೆ ಎದ್ದು ನಿಂತು, ಮೂರು ವರ್ಷದ ಹಿಂದೆ ಸೌದೆಗೆ ಹೋದ ಕುಂಬಾರರ ಸಿದ್ದವ್ವಳಾಯಿತು. ತಲೆಯ ಮೇಲೆ ಸೌದೆಯ ಹೊರೆ ಹಾಗೇ ಇತ್ತು. ಅವಳಿಗೆ ಗುರಿಯಿಟ್ಟು ನಿಂತಿದ್ದವನು ಅವಳ ಗಂಡನೇ. ಕೋವಿ ಎಸೆದು ಓಡಿದ.

ಹೊನ್ನಾಯಿ ಮತ್ತೆ ಕಲಕಿದಳು. ಮತ್ತೆ ಕಿಟ್ಟ. ಬೇರೆ ಸೀಸವಾಗಿದ್ದರೆ ಒಂದು ಸಲಕ್ಕೆ ಮುಗಿಯಬೇಕು. ಇದರಲ್ಲಿ ತೆಗೆದಷ್ಟೂ ಬಂತು. ಒಂದು ಸೌಟು ಕಿಟ್ಟಕ್ಕೆ ಒಬ್ಬ ಮನುಷ್ಯ! ಆಗ ಅವಳಿಗೆ ಹೊಳೆಯಿತು: ಕದ್ದ ಆಯಸ್ಸೆಲ್ಲ ಈ ಉಂಡೆಯೊಳಗೆ ಕೊಳೆಯಾಗಿ ಕೂತಿದೆ. ಇದನ್ನು ಗುಂಡು ಮಾಡಿ ಸುಟ್ಟಿದ್ದರೆ ದಳವಾಯಿಯೇನೋ ಸಾಯುತ್ತಿದ್ದ. ಕಡವೆಗಳು ಕೊನೆಯವರೆಗೂ ಕಡವೆಗಳಾಗಿಯೇ ಉಳಿಯುತ್ತಿದ್ದವು.

ಹೊರಗೆ ಗದ್ದಲವೋ ಗದ್ದಲ. "ಅಯ್ಯೋ, ನಮ್ಮ ಭಾವ!" ಅಂದ ಒಬ್ಬ. "ಸುಟ್ಟೇಬಿಡ್ತಿದ್ದೆನಲ್ಲೋ ನಿನ್ನ!"

"ಗೊತ್ತು," ಅಂದ ಭಾವ. "ಕಡವೆಯಾಗೋ ಮುಂಚೇನೂ ನಿನಗೆ ಅದೇ ಆಸೆ."

ಮೂವತ್ತೊಂಬತ್ತು ಸೌಟು ಕಿಟ್ಟ ಹೋಯಿತು. ಮೂವತ್ತೊಂಬತ್ತು ಜನ ಬಂದರು. ಪ್ರತಿ ಸೌಟಿಗೂ ದಳವಾಯಿ ಮುದುಕನಾಗುತ್ತ ಹೋದ. ಮೀಸೆ ಬೆಳ್ಳಗಾಯಿತು, ಬೆನ್ನು ಬಾಗಿತು. ಕಾಡಿನ ನಿಜವಾದ ಜಿಂಕೆ, ಕಡವೆಗಳೆಲ್ಲ ಗದ್ದಲಕ್ಕೆ ಓಡಿಹೋಗಿ, ಬಯಲಿನಲ್ಲಿ ಉಳಿದದ್ದು ಒಂದೇ ಕಡವೆ, ಆರು ಕವಲಿನ ಕೊಂಬಿನದು. ಅದು ಓಡದೆ ಎರಕದ ಮನೆಯ ಅಂಗಳಕ್ಕೇ ಬಂದು ನಿಂತಿತು.

ಮೂಸೆಯಲ್ಲಿ ಸೀಸ ಕನ್ನಡಿಯಾಗಿತ್ತು. ಮೇಣ ಹಾಕಿದಳು. ಏನೂ ತೇಲಲಿಲ್ಲ.

ಉದ್ದಂಡರಾಯ ಪಕ್ಕದವನ ಕೋವಿ ಕಿತ್ತುಕೊಂಡು, ಉರಿಯುವ ಬತ್ತಿಯ ಸಮೇತ ಅದರ ಬಾಯನ್ನು ಕಡವೆಯ ಎದೆಗೆ ಒತ್ತಿದ. "ಸೌಟು ಕೆಳಗಿಡೇ! ಇನ್ನೊಂದು ಸಲ ಕಲಕಿದರೆ ನಿಮ್ಮಣ್ಣನಿಲ್ಲ."

ಅರಸನ ಬಾಯಿ ತೆರೆದದ್ದು ತೆರೆದೇ ಇತ್ತು. ಹೊನ್ನಾಯಿಯ ಕೈ ಸೌಟಿನ ಮೇಲೆ ನಿಂತಿತು.

"ತಂಗಿ," ಅಂದಿತು ಕಡವೆ. ಅವಳೊಬ್ಬಳಿಗೇ ಕೇಳಿಸಿತು. "ಆ ಕೋವಿಯ ಗುಂಡು ನೀನೇ ಎರೆದದ್ದು. ನೋವಾಗಲ್ಲ ಅಂತ ನಂಗೆ ಗೊತ್ತು. ನೀನು ಕೆಲಸ ಮುಗಿಸು."

ಮೇಲೆ ತೇಲದ ಕಿಟ್ಟ ಎಲ್ಲಿರುತ್ತದೆ? ತಳ ಕಚ್ಚಿಕೊಂಡಿರುತ್ತದೆ. ಕಣ್ಣೀರು ಮೂಸೆಗೆ ಬೀಳದ ಹಾಗೆ ಹೊನ್ನಾಯಿ ಮುಖ ಹಿಂದಕ್ಕಿಟ್ಟುಕೊಂಡಳು. ಸೌಟಿನ ಅಂಚನ್ನು ತಳಕ್ಕೆ ಇಳಿಸಿ, ಅವಸರ ಮಾಡದೆ, ಸುತ್ತಲೂ ಒಮ್ಮೆ ಕೆರೆದಳು. ಗೊರಸಿನಷ್ಟು ಕಪ್ಪಾದ ಒಂದು ಕಿಟ್ಟದ ಹಕ್ಕಳೆ ಮೆಲ್ಲಗೆ ಎದ್ದು ಮೇಲೆ ಬಂತು.

ಅದು ಏಳುವುದಕ್ಕೂ ದಳವಾಯಿ ಕೋವಿಯ ಕುದುರೆ ಎಳೆಯುವುದಕ್ಕೂ ಸರಿಹೋಯಿತು. ಅಲ್ಲ, ಎಳೆಯಲು ಹೋದ. ಆ ಬೆರಳಿಗೆ ಈಗ ಅದರ ನಿಜವಾದ ವಯಸ್ಸು ಬಂದಿತ್ತು. ಇನ್ನೂರು ವರ್ಷದ ಬೆರಳು ಕೋವಿಯ ಕುದುರೆಯ ಮೇಲೆ ಒಣಗಿದ ಹುರುಳಿಕಾಯಿಯ ಹಾಗೆ ಕೂತಿತು, ಮಡಚಲಿಲ್ಲ. ಹೊನ್ನಾಯಿ ಕಿಟ್ಟ ಬಳಿದು ಚೆಲ್ಲಿದಳು.

ಕೋವಿಯ ಬಾಯಿಗೆ ಎದೆ ಕೊಟ್ಟು ನಿಂತಿದ್ದವನು ಮಾಚ. ಬಾಯಿ ತುಂಬ ಹುಲ್ಲಿತ್ತು. ಅದನ್ನು ಉಗಿದು ಹೇಳಿದ: "ತಾತ, ಕೋವಿ ಇಳಿಸು. ಬತ್ತಿ ಹೊಗೆ ಮೂಗಿಗೆ ಹೊಡೀತಿದೆ."

ಮುದುಕ ಕೋವಿ ಬಿಟ್ಟು ಕುಸಿದು ಕೂತ. ಭೂಪಮಲ್ಲನಿಗೆ ಆಗ ಎಚ್ಚರವಾಯಿತು. ಖಡ್ಗ ಎಳೆದು ಗುಡುಗಿದ: "ಹೊನ್ನಾಯಿ, ಉಳಿದ ಸೀಸದಲ್ಲಿ ಗುಂಡು ಎರೆ! ನಾನೇ ಸುಡ್ತೀನಿ ಇವನನ್ನ!"

ಮೂಸೆಯ ತಳದಲ್ಲಿ ಕಡಲೆಯಷ್ಟು ಸೀಸ ಉಳಿದಿತ್ತು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಮಹಾಪ್ರಭು, ಇದು ಅವನು ಹುಟ್ಟುವಾಗ ತಂದದ್ದು, ಅವನ ಸ್ವಂತದ್ದು. ಕದ್ದದ್ದು, ಮಂತ್ರ, ಎಲ್ಲಾ ಕಿಟ್ಟದಲ್ಲಿ ಹೋಯ್ತು. ಇಷ್ಟು ಶುದ್ಧವಾದ ಸೀಸ ನಾನು ಕಂಡಿಲ್ಲ. ಇದನ್ನ ಕೊಲ್ಲೋಕೆ ಎರೆಯಲ್ಲ."

ಬೆಚ್ಚಗಾಗಿದ್ದ ಪುಟ್ಟ ಅಚ್ಚೊಂದಕ್ಕೆ ಒಂದೇ ಧಾರೆಯಲ್ಲಿ ಹೊಯ್ದಳು. ಆರಿದ ಮೇಲೆ ಆ ಮಣಿಯನ್ನು ಮುದುಕನ ಅಂಗೈಗೆ ಹಾಕಿದಳು. "ಇಗೋ ತಾತ, ನಿನ್ನ ಜೀವ. ಇನ್ನು ನೀನೇ ಇಟ್ಟುಕೋ. ಕಳೆದುಕೊಂಡ್ರೆ ನನ್ನ ಕೇಳಬೇಡ."

ಮುದುಕ ಅದನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡು, ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತ, ಯಾರಿಗೂ ಕೇಡು ಮಾಡಲು ಪುರುಸೊತ್ತಿಲ್ಲದೆ ಉಳಿದ ನಾಲ್ಕು ವರ್ಷ ಬಾಳಿದ. ಅರಸ ತನ್ನ ಪಕ್ಕದ ಆಸನಕ್ಕೆ ಹೊನ್ನಾಯಿಯನ್ನು ಕರೆದ. "ನಂಗೆ ಕೆಲಸವಿದೆ ಮಹಾಪ್ರಭು," ಅಂದಳು. ಮಾಚ ಎರಡು ತಿಂಗಳು ಸೊಪ್ಪು ಕಂಡಲ್ಲೆಲ್ಲ ನಿಂತು ಮೂಸುತ್ತಿದ್ದ. ಆಮೇಲೆ ಅದೂ ಸರಿಹೋಯಿತು. ನಲವತ್ತು ಮನೆಗಳಲ್ಲಿ ಹೋದವರು ಬಂದು ಉಂಡರು, ಮಲಗಿದರು, ಜಗಳವಾಡಿದರು, ಮಕ್ಕಳ ಮದುವೆ ಮಾಡಿದರು.

ಬೇಟೆಯೂ ನಿಲ್ಲಲಿಲ್ಲ, ಹೊಲ ಉಳಿಯಬೇಕಲ್ಲ! ಮನೆಗೊಂದು ಕೋವಿ, ಕೋವಿಗೊಂದು ಗುಂಡು ಈಗಲೂ ಉಂಟು. ಆದರೆ ಕೊಂಬನಾಡಿನ ಬೇಟೆಗಾರ ಈಗ ಬತ್ತಿ ಹಚ್ಚಿ, ಗುರಿ ಹಿಡಿದು, ಸುಡುವ ಮುಂಚೆ ಒಂದು ಮಾತು ಕೂಗಿ ಕೇಳುತ್ತಾನೆ: "ನಮ್ಮ ಕಡೆಯವರೇನಪ್ಪಾ?" ಮೂರು ಸಲ ಕೇಳಬೇಕು. ಮೂರನೆಯ ಸಲ ಕೇಳುವಷ್ಟರಲ್ಲಿ ಮುಕ್ಕಾಲು ಪಾಲು ಜಿಂಕೆಗಳು ಓಡಿಹೋಗಿರುತ್ತವೆ. ಅದಕ್ಕೆ ಅಲ್ಲಿ ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ.